ಪ್ಯಾರಿಸಣ್ಣನ ಕ್ಯಾಸೆಟ್

ಇಂಥದ್ದನ್ನೆಲ್ಲ ನಂಬುವವನು ನಾನಲ್ಲ, ಮೊದಲೇ ಹೇಳಿಬಿಡುತ್ತೇನೆ. ಉಪ್ಪಿನಂಗಡಿಯ ನಮ್ಮ ಮನೆಯಲ್ಲಿ ಅಜ್ಜಿ ಹೇಳುತ್ತಿದ್ದ ಜಿನ್ನಿನ ಕತೆಗಳಿಗೆ ನಾನು ಚಿಕ್ಕಂದಿನಲ್ಲೇ ನಗುತ್ತಿದ್ದೆ. ಎಲೆಕ್ಟ್ರಿಷಿಯನ್ ಆದ ಮೇಲಂತೂ ಕೇಳುವುದೇ ಬೇಡ. ಇಲ್ಲಿ ಗಲ್ಫಿನ ಅಲ್ ಅಹ್ಸಾದಲ್ಲಿ, ಮನೆಯೊಳಗೆ ಏನೋ ಓಡಾಡುತ್ತದೆ, ದೀಪ ತಾನಾಗಿ ಆರಿ ಹತ್ತುತ್ತದೆ ಎಂದು ಕರೆಸಿದ ಕಡೆಗಳಲ್ಲೆಲ್ಲ ನನಗೆ ಸಿಕ್ಕಿದ್ದು ಸಡಿಲವಾದ ತಂತಿ, ಇಲ್ಲವೇ ಸ್ವಿಚ್ ಬೋರ್ಡಿನೊಳಗೆ ಸತ್ತು ಬಿದ್ದ ಹಲ್ಲಿ. ಈಗ ನಾನು ಬರೆಯುವುದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ಮೊಬೈಲ್ ಬರುವುದಕ್ಕೆ ಎಷ್ಟೋ ಮೊದಲು ನಾನೂ ಸದಾನಂದನೂ ಇಲ್ಲಿನ ಹುಫೂಫ್ ಪೇಟೆಯ ಒಂದು ಕೋಣೆಯಲ್ಲಿದ್ದೆವು. ಅವನು ಕುಂದಾಪುರ ಕಡೆಯ ಗಂಗೊಳ್ಳಿಯವನು. ನೀರಿನ ಯೋಜನೆಗೆಂದು ಬಂದಿದ್ದ ಒಬ್ಬ ಫ್ರೆಂಚ್ ಇಂಜಿನಿಯರಿಗೆ ಡ್ರೈವರ್ ಆಗಿದ್ದ. ನನ್ನದು ಶಾಲೆಯಲ್ಲಿ ಕಲಿತ ಕನ್ನಡ, ಅವನದು ಹುಟ್ಟಿನಿಂದ ಬಂದ ಕುಂದಾಪುರದ ಕನ್ನಡ. ನಾನು ಬಾಯಿ ತೆರೆದರೆ ಸಾಕು, ‘ವಾರ್ತೆ ಓದುದು ಸಾಕ್ ಮಾರಾಯ’ ಎಂದು ಗೇಲಿ ಮಾಡುತ್ತಿದ್ದ. ಅವನ ಅಡುಗೆ ಚೆನ್ನಾಗಿತ್ತು, ನನ್ನದು ಚೆನ್ನಾಗಿರಲಿಲ್ಲ. ಹಾಗಾಗಿ ಗೇಲಿಯನ್ನು ಸಹಿಸಿಕೊಂಡಿದ್ದೆ.

ಆ ಕಾಲದಲ್ಲಿ ಗಲ್ಫಿನವರು ಮನೆಗೆ ಕಾಗದ ಬರೆಯುವ ಬದಲು ಮಾತನ್ನು ಕ್ಯಾಸೆಟ್ಟಿನಲ್ಲಿ ತುಂಬಿ ಕಳಿಸುತ್ತಿದ್ದರು. ರಜೆಗೆ ಹೋಗುವವನ ಪೆಟ್ಟಿಗೆಯಲ್ಲಿ ಅತ್ತರು, ಹಾಲಿನ ಪುಡಿ, ಟೈಗರ್ ಬಾಮ್‌ಗಳ ನಡುವೆ ಅಂಥ ಕ್ಯಾಸೆಟ್ಟುಗಳೂ ಇರುತ್ತಿದ್ದವು. ಶುಕ್ರವಾರ ಊಟವಾದ ಮೇಲೆ ಒಬ್ಬೊಬ್ಬರೇ ಟೇಪ್ ರೆಕಾರ್ಡರ್ ಎದುರು ಕೂತು, ಅಮ್ಮನಿಗೊಂದಿಷ್ಟು, ಹೆಂಡತಿಗೊಂದಿಷ್ಟು, ಮಕ್ಕಳಿಗೊಂದಿಷ್ಟು ಮಾತಾಡುತ್ತಿದ್ದರು. ಹೆಂಡತಿಯ ಸರದಿ ಬಂದಾಗ ಉಳಿದವರು ಹೊರಗೆ ಹೋಗುವುದು ಮರ್ಯಾದೆ. ಸದಾನಂದನಿಗೆ ಮಾತ್ರ ಇದು ಆಗುತ್ತಿರಲಿಲ್ಲ. ದಿನವಿಡೀ ವಟವಟ ಅನ್ನುವ ಆಸಾಮಿ, ಗುಂಡಿ ಒತ್ತಿದೊಡನೆ ಬೆವರಿ ಎದ್ದುಬಿಡುತ್ತಿದ್ದ. ಹೆಂಡತಿ ಗಿರಿಜಾ ಪ್ರತಿ ಕಾಗದದಲ್ಲೂ, ಎಲ್ಲರ ಗಂಡಂದಿರ ಸ್ವರ ಬರುತ್ತದೆ, ನಿಮ್ಮದೊಂದೇ ಬರುವುದಿಲ್ಲ ಎಂದು ಬರೆಯುತ್ತಿದ್ದರಂತೆ. ಆಗ ಅವರು ಬಸುರಿ.

ಅವನು ಈ ಅಳುಕಿಗೆ ಜೊತೆಗಾರನೊಬ್ಬನನ್ನು ಹುಡುಕಿಕೊಂಡಿದ್ದ. ಅವನೇ ಪ್ಯಾರಿಸಣ್ಣ. ಇಂಜಿನಿಯರ್ ಕಾರಿನಲ್ಲಿ ಸದಾ ಕ್ಯಾಸೆಟ್ ಹಾಕಿಸಿ ಕೇಳುತ್ತಿದ್ದ ಒಬ್ಬ ಫ್ರೆಂಚ್ ಗಾಯಕನಿಗೆ ಸದಾನಂದ ಇಟ್ಟ ಹೆಸರು ಅದು. ಆ ಗಾಯಕನ ಚರಿತ್ರೆ ಇಂಜಿನಿಯರನ ಅರ್ಧ ಇಂಗ್ಲಿಷಿನಿಂದ ಸದಾನಂದನ ಅರ್ಧ ಇಂಗ್ಲಿಷಿಗೆ ಇಳಿದು, ರಾತ್ರಿಯ ಊಟದ ಹೊತ್ತಿಗೆ ಕುಂದಾಪುರದ ಕನ್ನಡದಲ್ಲಿ ನನ್ನ ತಟ್ಟೆಗೆ ಬೀಳುತ್ತಿತ್ತು. ಎಷ್ಟು ನಿಜ, ಎಷ್ಟು ಒಗ್ಗರಣೆ ಎಂದು ಆಗ ನಾನು ವಿಚಾರಿಸಲು ಹೋಗಲಿಲ್ಲ.

ಪ್ಯಾರಿಸಣ್ಣ ಹುಟ್ಟಿದ್ದು ಪ್ಯಾರಿಸಿನಲ್ಲಲ್ಲ, ಯಾವುದೋ ಬಂದರಿನಲ್ಲಿ. ಅಪ್ಪ ಹಡಗಿನಿಂದ ಮೂಟೆ ಇಳಿಸುವವನು. ಮಗನೂ ಮೂಟೆ ಹೊತ್ತ, ಸಂಜೆ ಬಂದರಿನ ಹೋಟೆಲುಗಳಲ್ಲಿ ಹಾಡಿದ. ಯಾರೋ ಪ್ಯಾರಿಸಿಗೆ ಕರೆದೊಯ್ದರು. ಮೊದಲ ಕೆಲವು ರೆಕಾರ್ಡುಗಳನ್ನು ಯಾರೂ ಮೂಸಿ ನೋಡಲಿಲ್ಲ. ಆಮೇಲೆ, ಹಡಗು ಬಂದರೂ ಗಂಡ ಇಳಿಯದ ಹೆಂಗಸೊಬ್ಬಳ ಮೇಲೆ ಹಾಡಿದ್ದು ಇಡೀ ದೇಶದ ಬಾಯಿಗೆ ಬಂತು. ಆದರೆ ಅವನಿಗೆ ಸಭೆಯೆಂದರೆ ಭಯ. ಪ್ರತಿ ಸಲವೂ ವೇದಿಕೆ ಹತ್ತುವ ಮೊದಲು ವಾಂತಿ ಮಾಡಿಕೊಳ್ಳುತ್ತಿದ್ದ. ರೆಕಾರ್ಡಿಂಗಿನಲ್ಲಿ ದೀಪ ಆರಿಸಿದರೆ ಮಾತ್ರ ಹಾಡುತ್ತಿದ್ದ. ಸಿನಿಮಾದವರು ಕರೆದಾಗ ಮಾತ್ರ ಅವನಿಗೆ ನಿರಾಳವಾಯಿತು. ಲಾರಿ ಡ್ರೈವರ್, ಸಣ್ಣ ಕಳ್ಳ, ಹೆಂಡತಿ ಬಿಟ್ಟುಹೋದ ಗಂಡ, ಎಲ್ಲ ಪಾತ್ರವನ್ನೂ ಮಾಡಿದ. ಅದರ ಕಾರಣವನ್ನು ಸದಾನಂದ ತನ್ನದೇ ಅನುಭವವೆಂಬಂತೆ ವಿವರಿಸುತ್ತಿದ್ದ. ಬೇರೆಯವರು ಬರೆದುಕೊಟ್ಟ ಮಾತಾದರೆ ಹೆದರಿಕೆ ಇಲ್ಲವಂತೆ, ತನ್ನ ಮಾತನ್ನು ತಾನೇ ಆಡುವುದು ಕಷ್ಟವಂತೆ.

ಇಂಜಿನಿಯರ್ ಆ ಕ್ಯಾಸೆಟ್ಟನ್ನು ಇವನಿಗೇ ಕೊಟ್ಟ. ಬಟ್ಟೆ ಒಗೆಯುವಾಗ, ಮೀನು ಹೆಚ್ಚುವಾಗ ಕೋಣೆಯಲ್ಲಿ ಅದೇ. ಭಾಷೆ ಬಾರದ್ದರಿಂದ ಸದಾನಂದ ಒಂದೊಂದು ಶಬ್ದವನ್ನೂ ಕಾದು, ಗಾಯಕನ ಹಿಂದಿನಿಂದ ಅರೆಗಳಿಗೆ ತಡವಾಗಿ ಗುನುಗುತ್ತಿದ್ದ. ಸಾಲು ಮುಗಿಯುವಲ್ಲಿ ಮೂಗಿನಿಂದ ಒಂದು ಸಣ್ಣ ಎಳೆತ. ನನಗೆ ಎಷ್ಟು ತಲೆ ಚಿಟ್ಟು ಹಿಡಿಯುತ್ತಿತ್ತೋ, ಈಗ ಅಷ್ಟೇ ನೆನಪಾಗುತ್ತದೆ.

ಇಂಜಿನಿಯರನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟು ಬರುವಾಗ ದಮ್ಮಾಮ್ ರಸ್ತೆಯಲ್ಲಿ ಅಪಘಾತವಾಗಿ ಸದಾನಂದ ತೀರಿಕೊಂಡ. ಅವನ ಸಾಮಾನನ್ನು ನಾನೇ ರಟ್ಟಿನ ಪೆಟ್ಟಿಗೆಯಲ್ಲಿ ಕಟ್ಟಿ ಊರಿಗೆ ಕಳಿಸಿದೆ. ಕ್ಯಾಸೆಟ್ ಮಾತ್ರ ನನ್ನ ಟೇಪ್ ರೆಕಾರ್ಡರಿನ ಹೊಟ್ಟೆಯಲ್ಲೇ ಉಳಿದಿತ್ತು. ಅವನ ಮಗಳು ಹುಟ್ಟಿದ್ದು ಅದಾದ ಮೇಲೆ. ಆ ಹಾಡುಗಳನ್ನು ನಾನು ಒಬ್ಬನೇ ಇರುವಾಗ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಪ್ಯಾರಿಸಣ್ಣನಿಗೆ ಗಂಟಲಿನ ಆಪರೇಷನ್ ಆಗಿ ಹಾಡು ನಿಂತದ್ದು, ಮುದುಕರ ಪಾತ್ರಗಳಲ್ಲಿ ಅವನು ಮತ್ತೆ ಹೆಸರು ಮಾಡಿದ್ದು, ಕೊನೆಯ ಸಭೆಯಲ್ಲಿ ಜನರೇ ಅವನ ಹಾಡನ್ನು ಹಾಡಿ ಅವನು ಸುಮ್ಮನೆ ನಿಂತು ಕೇಳಿದ್ದು, ಆಮೇಲೆ ತನ್ನ ಬಂದರಿಗೇ ಹೋಗಿ ಸತ್ತದ್ದು, ಇದನ್ನೆಲ್ಲ ನಾನು ಬಹಳ ವರ್ಷದ ನಂತರ ಮೊಬೈಲಿನಲ್ಲಿ ನೋಡಿ ತಿಳಿದೆ. ಸದಾನಂದನಿಗೆ ಹೇಳಬೇಕಿತ್ತು ಅನ್ನಿಸಿತು.

ಕೆಲವು ವರ್ಷಗಳ ಹಿಂದೆ ಒಂದು ಹುಡುಗಿಯ ಫೋನ್ ಬಂತು. ಹೆಸರು ಸುಪ್ರಿಯಾ, ಸದಾನಂದನ ಮಗಳು. ಗಂಡನಿಗೆ ಇಲ್ಲೇ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸವಾಗಿ ಫ್ಯಾಮಿಲಿ ವೀಸಾದಲ್ಲಿ ಬಂದಿದ್ದಳು. ಒಂದು ಶುಕ್ರವಾರ ಮಧ್ಯಾಹ್ನ ಇಬ್ಬರೂ ನನ್ನ ಕೋಣೆಗೆ ಬಂದರು. ಮೀನಿನ ಊಟವಾಯಿತು. ಆಮೇಲೆ ಅವಳು ಬಂದ ವಿಷಯ ಹೇಳಿದಳು.

“ಅಂಕಲ್, ಫೋಟೋ ಎಲ್ಲ ಉಂಟು. ಸ್ವರ ಒಂದು ಇಲ್ಲ. ಅಮ್ಮನಿಗೂ ಈಗ ಮರ್ತು ಹೋಗಿದೆಯಂತೆ, ಅದಕ್ಕೇ ಅಳ್ತಾರೆ. ನಿಮ್ಮತ್ರ ಎಂತಾದ್ರೂ ಉಂಟಾ?”

ಇಲ್ಲ ಮಗಾ ಎಂದೆ. ಅವನಿಗೆ ಇಷ್ಟವಾಗಿದ್ದ ಹಾಡು ಉಂಟು, ಅದನ್ನಾದರೂ ಕೇಳು ಎಂದು ಹಳೆಯ ಟೇಪ್ ರೆಕಾರ್ಡರನ್ನು ಮೇಜಿನ ಮೇಲಿಟ್ಟೆ. ಅವಳ ಗಂಡ ಚಹಾ ತಾನೇ ಮಾಡುವುದಾಗಿ ಅಡುಗೆಮನೆಗೆ ಹೋದ. ಅಮ್ಮನಿಗೆ ಕಳಿಸಲೆಂದು ಅವಳು ಮೊಬೈಲನ್ನು ಎದುರಿಗೆ ಒರಗಿಸಿ ವಿಡಿಯೊ ಒತ್ತಿದಳು.

ಕೊನೆಯ ಹಾಡು, ಅದೇ ಹಡಗಿನದ್ದು, ಶುರುವಾಗಿ ಸ್ವಲ್ಪ ಹೊತ್ತಾಗಿತ್ತು. ಗಾಯಕನ ಹಿಂದಿನಿಂದ, ಅರೆಗಳಿಗೆ ತಡವಾಗಿ, ಯಾರೋ ಗುನುಗುತ್ತಿದ್ದರು. ಮೊದಲು ನನಗೆ ಏನೂ ವಿಶೇಷ ಅನ್ನಿಸಲಿಲ್ಲ. ಆ ಹಾಡಿನ ಜೊತೆ ಆ ಗುನುಗು ಇರುವುದೇ ನನ್ನ ಕಿವಿಗೆ ಅಭ್ಯಾಸ. ಸಾಲಿನ ಕೊನೆಗೆ ಮೂಗಿನ ಎಳೆತ ಬಂದಾಗ ಮಾತ್ರ, ಇದು ನೆನಪಲ್ಲ, ನಿಜವಾಗಿ ಕೇಳುತ್ತಿದೆ ಎಂದು ಹೊಳೆಯಿತು. ಸುಪ್ರಿಯಾ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ನನ್ನ ಬಾಯಿ ಮುಚ್ಚಿತ್ತು.

ಅಷ್ಟರಲ್ಲಿ ಅವಳ ಗಂಡ ಒಳಗಿನಿಂದ ಕೇಳಿದ, “ಅಂಕಲ್, ನಿಮಗೆ ಫ್ರೆಂಚ್ ಪದ್ಯ ಎಲ್ಲ ಬಾಯಿಪಾಠ ಉಂಟಾ?”

ಹಾಡು ಮುಂದುವರಿಯುತ್ತಿದ್ದಂತೆ ಗುನುಗು ನಿಂತಿತು. ಒಂದು ಕೆಮ್ಮು ಕೇಳಿಸಿತು. ಆಮೇಲೆ ಸ್ಪಷ್ಟವಾಗಿ, ಈ ಕೋಣೆಯೊಳಗೇ ಕೂತವನಂತೆ, ಅವನು ಹೇಳಿದ:

“ಈ ಪದ್ಯ ಒಂದ್ ಮುಗಿಲಿ ಮಾರಾಯ್ತಿ, ಮತ್ತೆ ಮಾತಾಡ್ತೆ.”

ಸುಪ್ರಿಯಾ ಎರಡೂ ಕೈಯಿಂದ ಮೇಜನ್ನು ಹಿಡಿದುಕೊಂಡಳು. ಹಾಡು ಮುಗಿಯಿತು. ನಾವು ಕಾದೆವು. ಟೇಪು ಬರಿದಾಗಿ ಸರಸರ ಓಡಿತು, ಕೊನೆಗೆ ಗುಂಡಿ ಟಕ್ಕೆಂದು ಎದ್ದಿತು. ಅವಳು ಅಳಲಿಲ್ಲ. ಇನ್ನೊಮ್ಮೆ ಹಾಕಿ ಎಂದಳು. ಹಾಕಿದೆ. ಮತ್ತೊಮ್ಮೆ ಹಾಕಿದೆ. ಪ್ಯಾರಿಸಣ್ಣನ ಹೊರತು ಯಾರೂ ಇರಲಿಲ್ಲ. ಮೊಬೈಲಿನ ವಿಡಿಯೊ ನೋಡಿದೆವು. ಹಾಡಿತ್ತು, ಅವಳ ಗಂಡ ಕೇಳಿದ ಪ್ರಶ್ನೆ ಇತ್ತು. ಅವನು ಯಾವ ಸ್ವರ ಕೇಳಿ ಹಾಗೆ ಕೇಳಿದನೋ ಆ ಸ್ವರ ಇರಲಿಲ್ಲ.

ಅವರು ಹೋದ ಮೇಲೆ ನಾನು ಯಂತ್ರವನ್ನು ಬಿಚ್ಚಿ ಕೂತೆ. ಅಂಗಡಿಯಿಂದ ತಂದ ಹಾಡಿನ ಕ್ಯಾಸೆಟ್ಟಿನಲ್ಲಿ, ರೆಕಾರ್ಡಿಂಗಿಗೆ ಬೇಕಾದ ಮೂಲೆಯ ಪ್ಲಾಸ್ಟಿಕ್ ಚೂರುಗಳು ಇರುವುದಿಲ್ಲ, ಅದರ ಮೇಲೆ ಸುಮ್ಮನೆ ಗುಂಡಿ ಒತ್ತಿ ರೆಕಾರ್ಡ್ ಮಾಡಲು ಬರುವುದಿಲ್ಲ. ಉಪಾಯ ಮಾಡಿ ರೆಕಾರ್ಡ್ ಮಾಡಿದರೂ ಕೆಳಗಿನ ಹಾಡು ಅಳಿಸಿಹೋಗಬೇಕು. ಇಲ್ಲಿ ಹಾಡಿನ ಒಂದು ಅಕ್ಷರವೂ ಅಳಿದಿರಲಿಲ್ಲ. ಅಲ್ಲದೆ ಮಾರಾಯ್ತಿ ಎಂದು ಕರೆಯಲು ನಮ್ಮ ಆಗಿನ ಕೋಣೆಗೆ ಎಂದೂ ಒಬ್ಬ ಹೆಂಗಸು ಕಾಲಿಟ್ಟವಳಲ್ಲ. ಅವನು ಮಗಳನ್ನು ಕರೆದನೇ ಎಂದು ಯೋಚಿಸಿದೆ. ಹಾಗೆ ಯೋಚಿಸಿದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು. ನಾವಿಬ್ಬರೂ ಕೇಳಬೇಕೆಂದು ಆಸೆಪಟ್ಟದ್ದನ್ನು ಕೇಳಿದೆವು, ಅಷ್ಟೇ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಆದರೆ ಅಡುಗೆಮನೆಯಲ್ಲಿದ್ದವನಿಗೆ ಯಾವ ಆಸೆ ಇತ್ತು?

ಮರುದಿನ ಸುಪ್ರಿಯಾ ಫೋನ್ ಮಾಡಿದಳು. ಅಮ್ಮನಿಗೆ ವಿಡಿಯೊ ಕಳಿಸಿದ್ದಳಂತೆ, ಅಪ್ಪನಿಗೆ ಇಷ್ಟದ ಪದ್ಯ ಎಂದಷ್ಟೇ ಬರೆದು. ನಡೆದದ್ದನ್ನು ಹೇಳಿ ಅಮ್ಮನನ್ನು ಹೆದರಿಸುವುದು ಬೇಡ ಎಂದು ಗಂಡನೂ ಸುಮ್ಮನಿದ್ದನಂತೆ. ಗಿರಿಜಾ ಕೂಡಲೇ ಫೋನ್ ಮಾಡಿ ಬಹಳ ಹೊತ್ತು ಅತ್ತರಂತೆ. ಆಮೇಲೆ ಕೇಳಿದರಂತೆ, “ಪದ್ಯ ಮುಗ್ದ್ ಮೇಲೆ ಮಾತಾಡ್ತೆ ಅಂದ್ರಲ್ದಾ ನಂಗೆ. ಮತ್ತೆಂತ ಹೇಳಿದ್ರ್?”

ಅಮ್ಮನಿಗೆ ನಾನು ಎಂತ ಹೇಳುದು ಅಂಕಲ್ ಎಂದಳು ಹುಡುಗಿ. ಟೇಪು ಅಲ್ಲಿಗೇ ಮುಗಿದಿತ್ತು ಅಂತ ಹೇಳು ಎಂದೆ.

ಗಂಗೊಳ್ಳಿಯಲ್ಲಿ ಗಿರಿಜಾ ಆ ವಿಡಿಯೊವನ್ನು ದಿನವೂ ಕೊನೆಯವರೆಗೆ ಕೇಳುತ್ತಾರಂತೆ, ಹಾಡು ಮುಗಿದ ಮೇಲೂ ಮೊಬೈಲನ್ನು ಕಿವಿಯಿಂದ ತೆಗೆಯುವುದಿಲ್ಲವಂತೆ. ಸುಪ್ರಿಯಾ ಅದನ್ನು ನನಗೂ ಕಳಿಸಿದ್ದಾಳೆ. ಆಗಾಗ ಹಾಕಿ ನೋಡುತ್ತೇನೆ. ನನಗೆ ಅದರಲ್ಲಿ ಪ್ಯಾರಿಸಣ್ಣ ಒಬ್ಬನೇ ಹಾಡುತ್ತಾನೆ.