ಡಬ್ಬಿಯೊಳಗಿನ ಒಂದು ಕಡಲೆ

1954ರಲ್ಲಿ ನಾನು ಪ್ರಾಥಮಿಕ ಶಾಲೆಯ ಮಾಸ್ತರಿಕೆ ಬಿಟ್ಟು ವಯಸ್ಕರ ಶಿಕ್ಷಣದ ಸಂಘಟಕನ ಹುದ್ದೆಗೆ ಬಂದಿದ್ದೆ. ರೋಣ, ನರಗುಂದ, ಗಜೇಂದ್ರಗಡಗಳಲ್ಲಿ ಸಂಜೆಯ ಅಭ್ಯಾಸವರ್ಗ ನಡೆಸಿ ಸಂವಿಧಾನದ ಮುಖ್ಯ ಅನುಚ್ಛೇದಗಳನ್ನು ವಿವರಿಸುವುದು, ಯಾವ ಊರಿನವರು ಪ್ರಜಾಪ್ರಭುತ್ವವನ್ನು ಹೇಗೆ ಗ್ರಹಿಸುತ್ತಾರೆಂದು ಹೋಲಿಸಿ ವರದಿ ಬರೆಯುವುದು ನನ್ನ ಕೆಲಸ. ರೋಣದವರು ಭೂಕಂದಾಯದ ಬಗ್ಗೆ ಕೇಳುತ್ತಿದ್ದರು. ಕಾರಣ ಹೇಳದೆ ಪೊಲೀಸರು ಹಿಡಿದೊಯ್ಯಬಹುದೇ ಎಂಬುದು ನರಗುಂದದವರ ಪ್ರಶ್ನೆ. ಜಹಗೀರಿನ ಆಳ್ವಿಕೆ ಕಂಡಿದ್ದ ಗಜೇಂದ್ರಗಡದವರು ಪ್ರಶ್ನೆ ಕೇಳುವುದಕ್ಕೇ ಹಿಂಜರಿಯುತ್ತಿದ್ದರು.

ಅಲ್ಲಿ ಮೊದಲು ಬಾಯಿ ತೆರೆದವನು ದುರಗಪ್ಪ. ಊರಿನ ಚಕ್ಕಡಿಗಳಿಗೆ ತೊಗಲಿನ ಬಾರು, ಮಿಣಿ ಮಾಡಿಕೊಡುವವನು. ಜಾತಿಯ ಕಾರಣಕ್ಕೆ ಸಾರ್ವಜನಿಕ ಬಾವಿಯನ್ನು ಯಾರಿಗೂ ನಿರಾಕರಿಸುವಂತಿಲ್ಲ ಎಂಬ ಹದಿನೈದನೆಯ ಅನುಚ್ಛೇದವನ್ನು ಓದಿದ ದಿನ ಅವನು ಎದ್ದು ನಿಂತ.

“ಮಾಸ್ತರ್ರ, ನಮ್ಮ ಕೇರಿ ಹೆಣಮಕ್ಳು ಖಾಲಿ ಕೊಡ ಇಟಗೊಂಡು ಬಾವಿ ಕಟ್ಟಿ ಕೆಳಗ ಕುಂಡ್ರತಾರ್ರಿ. ಯಾರರ ಮ್ಯಾಲಿಂದ ಸುರುವಿದ್ರ ನೀರು. ಈ ಕಾಯ್ದೆ ನಮ್ಮೂರಿಗೂ ಬಂದೈತೇನ್ರಿ?”

ನೇಕಾರ ಪರಪ್ಪ, “ಬರದಿದ್ರ ನಾವ ಎಳಕೊಂಡ್ ಬರೂಣು ತಗೋ,” ಎಂದ. ಎಲ್ಲರೂ ನಕ್ಕು ಹೌದೆಂದರು.

ಮುಂದಿನ ತಿಂಗಳು ರೋಣದಲ್ಲಿ ಮೂರೂ ವರ್ಗಗಳ ಕೂಡುಸಭೆಯಿತ್ತು. ಪ್ರತಿ ವರ್ಗದ ಅಧ್ಯಕ್ಷ ತಾಲೂಕಿನ ಅಧಿಕಾರಿಗಳೆದುರು ಊರಿನ ಒಂದು ಬೇಡಿಕೆ ಮಂಡಿಸಬಹುದಿತ್ತು. ಬಾವಿಯ ಮಾತನ್ನು ಇಡೀ ಊರಿನ ಹೆಸರಿನಲ್ಲಿ ಹೇಳಬೇಕೆಂಬುದು ದುರಗಪ್ಪನ ಆಸೆ. ವರ್ಗದ ಹನ್ನೆರಡು ಸದಸ್ಯರಲ್ಲಿ ಉಳಿದ ಹನ್ನೊಂದು ಮಂದಿಯೂ ಅವನೇ ಅಧ್ಯಕ್ಷನಾಗಲಿ ಎಂದರು. ಗುಪ್ತಮತದಾನದ ಪಾಠವೂ ಆಗಲೆಂದು ನಾನು ಇನ್ನೊಬ್ಬ ಅಭ್ಯರ್ಥಿಯನ್ನು ಕೇಳಿದೆ. ಅರಿವೆ ಅಂಗಡಿಯ ಚನ್ನಬಸಪ್ಪನವರು, “ಹೆಸರಿಗಷ್ಟ ನಿಂದರ್ತೀನ್ರಿ. ನನ್ನ ಓಟೂ ದುರಗಪ್ಪಗ,” ಎಂದರು.

ಅಕ್ಷರ ಬಾರದವರಿದ್ದುದರಿಂದ ಕಾಳುಗಳಿಂದ ಮತದಾನ ನಡೆಸಿದೆ. ದುರಗಪ್ಪನಿಗೆ ಕಡಲೆ, ಚನ್ನಬಸಪ್ಪನವರಿಗೆ ಜೋಳ. ಒಬ್ಬೊಬ್ಬರಿಗೂ ಎರಡೂ ಕಾಳು ಕೊಟ್ಟು ಜಮಖಾನೆಯ ಮರೆಗೆ ಕಳಿಸಿದೆ. ಬೇಕಾದ ಕಾಳು ಡಬ್ಬಿಗೆ, ಉಳಿದದ್ದು ಚೀಲಕ್ಕೆ. ಕೊನೆಗೆ ಡಬ್ಬಿಯನ್ನು ಎಲ್ಲರೆದುರು ತಾಟಿಗೆ ಸುರಿದೆ. ಹನ್ನೊಂದು ಜೋಳ, ಒಂದು ಕಡಲೆ.

“ಜ್ವಾಳದ ಸುಗ್ಗಿ ಚಲೋ ಆತು,” ಎಂದು ದುರಗಪ್ಪನೇ ನಕ್ಕ. ಬೇರೆ ಯಾರೂ ನಗಲಿಲ್ಲ.

ಮರುದಿನ ಬಸ್ ನಿಲ್ದಾಣದಲ್ಲಿ ಪರಪ್ಪ ನನ್ನನ್ನು ಬದಿಗೆ ಕರೆದ. “ಮಾಸ್ತರ್ರ, ಆ ಕಡ್ಲಿ ನಂದ್ರಿ. ಯಾರ ಮುಂದೂ ಆಡಬ್ಯಾಡ್ರಿ.” ಸಂಜೆ ಮತ್ತೊಬ್ಬ ಬಂದು ಅದನ್ನೇ ಹೇಳಿದ. ಆಮೇಲೆ ಸ್ವತಃ ಚನ್ನಬಸಪ್ಪನವರು! ಆ ಕಡಲೆ ದುರಗಪ್ಪನದೇ ಇರಬೇಕೆಂದು ನೇರವಾಗಿ ಅವನ ಮನೆಗೆ ಹೋಗಿ ಕೇಳಿದೆ.

“ಇಲ್ರಿ. ತನಗ ತಾನ ಹಾಕ್ಕೊಳ್ಳೋದು ಚಂದಲ್ಲಂತ ನಾ ಸಾವ್ಕಾರ್ರಿಗೆ ಹಾಕಿದ್ನಿರಿ.”

“ಹಂಗಾರ ಒಬ್ಬಾವರ ಖರೇ ಹೇಳ್ಯಾನ.”

“ಹೇಳ್ಯಾನ್ರಿ. ನನ್ನ ಕಡೆ ಆರು ಮಂದಿ ಬಂದಿದ್ರು. ಖರೇದವ ಯಾವ ಅಂತ ತಿಳೀಲಿಲ್ಲ, ಆರೂ ಮಂದಿಗೆ ಉಪಕಾರ ಆತು ಅಂದೆ.”

ರೋಣದ ಸಭೆಯಲ್ಲಿ ಚನ್ನಬಸಪ್ಪನವರು ಹದಿನೈದನೆಯ ಅನುಚ್ಛೇದವನ್ನು ಒಂದಕ್ಷರ ತಪ್ಪದೆ ಓದಿದರು. ಬಳಿಕ ಪೇಟೆಗೆ ಬೀದಿದೀಪ ಬೇಕೆಂದು ಕೇಳಿ ಕುಳಿತರು. ಅವರಿಗೆ ಆ ಅನುಚ್ಛೇದ ಕಲಿಸಿದವನು ನಾನೇ.

ಗುಪ್ತಮತ ದುರ್ಬಲರ ಭಯವನ್ನು ಕಾಯುತ್ತದೆಂದು ಊರೂರಿನಲ್ಲೂ ಬೋಧಿಸಿದ್ದೆ. ಕೊಟ್ಟ ಮಾತಿಗೆ ತಪ್ಪಿದವರನ್ನೂ ಅದು ಅಷ್ಟೇ ನಿಷ್ಠೆಯಿಂದ ಕಾಯುತ್ತದೆಂಬುದನ್ನು ಈ ವೃತ್ತಿಯೇ ನನಗೆ ತೋರಿಸಿತು. ಅಂದಿನಿಂದ ನನ್ನ ಎಲ್ಲ ವರ್ಗಗಳಲ್ಲೂ ಬೇಡಿಕೆ ಏನೆಂಬುದನ್ನು ಮೊದಲು ಬಹಿರಂಗವಾಗಿ, ಕೈಯೆತ್ತಿಸಿ ಗೊತ್ತುಮಾಡುತ್ತಿದ್ದೆ. ಅದನ್ನು ಯಾರು ಹೇಳಬೇಕೆಂಬುದಕ್ಕೆ ಮಾತ್ರ ಗುಪ್ತಮತ. ಗಜೇಂದ್ರಗಡದ ವರ್ಗದಲ್ಲೂ ಈ ಕ್ರಮ ತಂದೆ. ಅಷ್ಟರಲ್ಲಿ ದುರಗಪ್ಪ ಬರುವುದನ್ನು ಬಿಟ್ಟಿದ್ದ.