ಉಸಿರು ಹಿಡಿದು ಓದಿದ ಇತಿಹಾಸ

ಮೊನ್ನೆ ಸ್ಟಾಫ್ ರೂಮಿನಲ್ಲಿ ಕೂತು ಆಂತರಿಕ ಪರೀಕ್ಷೆಯ ಪ್ರಶ್ನೆಪತ್ರಿಕೆ ಬರೆಯುತ್ತಿದ್ದೆ. ಬಾಗಿಲ ಕಡೆಯಿಂದ ನೋವಿನ ಮುಲಾಮಿನ ವಾಸನೆ ಬಂತು. ಕೆಲವರಿಗೆ ಮಲ್ಲಿಗೆಯ ಘಮ ಬಂದರೆ ಹರೆಯ ನೆನಪಾಗುತ್ತದಂತೆ. ನನಗೆ ಆ ಭಾಗ್ಯವಿಲ್ಲ, ನನ್ನ ಹರೆಯವೆಲ್ಲ ಈ ಮುಲಾಮಿನ ವಾಸನೆಯಲ್ಲೇ ಕಳೆದದ್ದು. ಕತ್ತೆತ್ತಿ ನೋಡಿದರೆ ಎರಡನೇ ವರ್ಷದ ಚೈತ್ರಾ. ನಮ್ಮ ಕಾಲೇಜಿನ ಕಬಡ್ಡಿ ತಂಡದವಳು. ಕೈಯಲ್ಲಿ ಅರ್ಜಿ ಹಿಡಿದುಕೊಂಡು ನಿಂತಿದ್ದಳು.

ಶನಿವಾರ ನನ್ನ ಟೆಸ್ಟು. ಶನಿವಾರವೇ ಅವಳ ಪಂದ್ಯ. ಟೆಸ್ಟ್ ಬಿಟ್ಟು ಆಡಲು ಹೋಗುತ್ತೇನೆ, ಸೊನ್ನೆ ಕೊಟ್ಟರೂ ಪರವಾಗಿಲ್ಲ, ಹಾಜರಿ ಮಾತ್ರ ಕೊಡಿ ಎಂಬುದು ಅರ್ಜಿಯ ಸಾರಾಂಶ. ಸೊರಬದ ಈ ಕಾಲೇಜಿನಲ್ಲಿ ನಾನು ಇತಿಹಾಸ ಹೇಳಿಕೊಡುವವಳು. ಹುಡುಗರು ಬೆನ್ನ ಹಿಂದೆ ನನಗೆ ‘ಶಾಸನ’ ಎಂದು ಹೆಸರಿಟ್ಟಿದ್ದಾರೆಂದು ಗೊತ್ತು. ಒಮ್ಮೆ ಹೇಳಿದ್ದನ್ನು ತಿದ್ದುವುದಿಲ್ಲವಂತೆ. ಅರ್ಜಿ ಓದಿ, ನಾಳೆ ಬಾ ಎಂದೆ. ಅವಳು ತಿರುಗಿ ಹೊರಟಳು. ಬಲಗಾಲನ್ನು ನೆಲಕ್ಕೆ ಊರಿದ ಕೂಡಲೇ ಎತ್ತಿಬಿಡುತ್ತಿದ್ದಳು, ಬಿಸಿ ಹಂಚಿನ ಮೇಲೆ ಇಟ್ಟವಳ ಹಾಗೆ. ಪ್ರಶ್ನೆಪತ್ರಿಕೆ ಅಲ್ಲಿಗೇ ನಿಂತಿತು.

ನಿಮಗೆ ಹೇಳುವುದಕ್ಕೇನು ಸಂಕೋಚ, ಇತಿಹಾಸದ ಮೇಡಂ ಆಗಿರುವ ನಾನು ಡಿಗ್ರಿಯಲ್ಲಿ ಎರಡು ಸಲ ಫೇಲಾದದ್ದು ಇತಿಹಾಸದಲ್ಲೇ. ಅದೂ ಹುಟ್ಟಿದ್ದು ಎಲ್ಲಿ? ತಾಳಗುಂದದಲ್ಲಿ. ದೂರದೂರದಿಂದ ಜನ ಬಂದು ನಮ್ಮೂರ ಕಂಬದ ಮೇಲಿನ ಅಕ್ಷರಗಳನ್ನು ಓದಿ ಹೋಗುತ್ತಾರೆ. ನಾನು ಆ ಕಂಬದ ಬಯಲಿನಲ್ಲಿ ನಮ್ಮ ಕುರಿ ಕಾದವಳು, ಒಂದು ಅಕ್ಷರವನ್ನೂ ತಲೆಗೆ ಹಾಕಿಕೊಂಡವಳಲ್ಲ. ಕಂಚಿಗೆ ಓದಲು ಹೋದವನು ಅಲ್ಲಿ ಜಗಳವಾಡಿ, ಓದು ಬಿಟ್ಟು ಕತ್ತಿ ಹಿಡಿದು, ಕೊನೆಗೆ ರಾಜನಾದ ಕಥೆ ಆ ಶಾಸನದಲ್ಲಿದೆಯಲ್ಲ, ಅದೊಂದು ಮಾತ್ರ ನನಗೆ ಬಹಳ ಹಿಡಿಸಿತ್ತು. ಓದು ಬಿಟ್ಟವರಿಗೂ ಮುಂದೆ ದಾರಿಯಿದೆ ಎಂದು ಅದರಿಂದ ನೀತಿ ತೆಗೆದುಕೊಂಡಿದ್ದೆ.

ಓದು ಬಿಟ್ಟು ನಾನು ಹಿಡಿದದ್ದು ಕಬಡ್ಡಿ. ಶಿಕಾರಿಪುರದ ಕಾಲೇಜಿಗೆ ಸೇರಿದ ಮೊದಲ ವಾರವೇ ದೈಹಿಕ ಶಿಕ್ಷಣದ ಮೇಡಂ, ನಾವೆಲ್ಲ ಪಿ.ಡಿ. ಮೇಡಂ ಅನ್ನುತ್ತಿದ್ದವರು, ನನ್ನನ್ನು ಮೈದಾನದಲ್ಲಿ ಓಡಿಸಿ ನೋಡಿದರು. ಕುರಿ ಕಾದ ಕಾಲು ಚೆನ್ನಾಗಿ ತಿರುಗುತ್ತದೆ ಎಂದು ತಂಡಕ್ಕೆ ಹಾಕಿಕೊಂಡರು. ಅಪ್ಪ ಬೇಡ ಅನ್ನಲಿಲ್ಲ. ಒಂದೇ ಮಾತು ಹೇಳಿದ್ದ. “ಪಾಸಾಗೋ ತನಾ ಓದವ್ವ, ಆಡು, ನಾ ಬ್ಯಾಡ ಅನ್ನಂಗಿಲ್ಲ. ಡುಮ್ಕಿ ಹೊಡದ್ರೆ ಮಾತ್ರ ನಿಮ್ಮತ್ತೆ ಮಗ ಅದಾನ ನೋಡು.” ಅತ್ತೆಯ ಮಗ ಒಳ್ಳೆಯವನೇ, ಪಾಪ. ಆದರೆ ನನ್ನನ್ನು ಕಂಡರೆ ಅವನಿಗೂ ಹೆದರಿಕೆ, ಅವನ ಮನೆಯ ಎಮ್ಮೆ ಕಂಡರೆ ನನಗೂ ಹೆದರಿಕೆ.

ಪಿ.ಡಿ. ಮೇಡಂ ಬಗ್ಗೆ ಹೇಳಬೇಕು. ಗಂಟಲು ದೊಡ್ಡದಲ್ಲ, ಸೀಟಿ ಊದುವುದೂ ಅಪರೂಪ. ದಿನಾ ಸಂಜೆ ಅಭ್ಯಾಸಕ್ಕೆ ಮೊದಲು ಒಬ್ಬೊಬ್ಬರನ್ನೇ ಎದುರಿಗೆ ಹತ್ತು ಹೆಜ್ಜೆ ನಡೆಸುತ್ತಿದ್ದರು. ನೋವಿದೆಯಾ ಎಂದು ಕೇಳುತ್ತಿರಲಿಲ್ಲ. ಹುಡುಗಿಯರ ಬಾಯಿ ಸುಳ್ಳು ಹೇಳಬಹುದು, ಕಾಲು ಹೇಳುವುದಿಲ್ಲ ಎಂಬುದು ಅವರ ನಂಬಿಕೆ. ನಡಿಗೆಯಲ್ಲಿ ಸ್ವಲ್ಪ ಕುಂಟು ಕಂಡರೂ ಅವತ್ತು ಅಂಕಣಕ್ಕೆ ಬಿಡುತ್ತಿರಲಿಲ್ಲ. ಮನೆಯಿಂದ ನೆನೆಸಿದ ಶೇಂಗಾ, ಬೆಲ್ಲ ತಂದು, ನಾವು ಅಗಿದು ನುಂಗಿದ್ದನ್ನು ನೋಡಿಯೇ ಅಭ್ಯಾಸ ಶುರು ಮಾಡಿಸುತ್ತಿದ್ದರು.

ಅವರದು ಇನ್ನೊಂದು ಪದ್ಧತಿಯಿತ್ತು. ಅಂಥದ್ದನ್ನು ಬೇರೆ ಯಾವ ಕಾಲೇಜಿನಲ್ಲೂ ನಾನು ಕಂಡಿಲ್ಲ. ಕಬಡ್ಡಿಯಲ್ಲಿ ದಾಳಿಗೆ ಹೋದವರು ಒಂದೇ ಉಸಿರಿನಲ್ಲಿ ಕಬಡ್ಡಿ ಕಬಡ್ಡಿ ಅನ್ನುತ್ತಿರಬೇಕಲ್ಲ? ಅಭ್ಯಾಸದಲ್ಲಿ ಮೇಡಂ ಅದನ್ನು ಬಿಡಿಸಿ, ಅವತ್ತಿನ ಪಾಠ ಹೇಳಿಸುತ್ತಿದ್ದರು. ಉಸಿರೂ ಬೆಳೆಯುತ್ತದೆ, ಪಾಠವೂ ಬಾಯಿಗೆ ಬರುತ್ತದೆ, ಒಂದೇ ಕೆಲಸಕ್ಕೆ ಎರಡು ಲಾಭ ಎನ್ನುತ್ತಿದ್ದರು. ನಮ್ಮ ಕ್ಯಾಪ್ಟನ್ ರೇಣುಕಾ ಅರ್ಥಶಾಸ್ತ್ರದವಳು. ಅವಳು ‘ಬೇಡಿಕೆ ಏರಿದರೆ ಬೆಲೆ ಏರುತ್ತದೆ’ ಎನ್ನುತ್ತ ಮೈಮೇಲೆ ಬಂದರೆ ನಾವು ನಕ್ಕು ಹಿಡಿತ ಬಿಟ್ಟುಬಿಡುತ್ತಿದ್ದೆವು. ನನ್ನ ಪಾಲಿಗೆ ಬಂದದ್ದು ಬಾಕಿ ಉಳಿದಿದ್ದ ಇತಿಹಾಸದ ಪೇಪರು. ಕದಂಬರ ರಾಜರು, ಕದಂಬರ ಆಡಳಿತ, ಕದಂಬರ ಶಾಸನಗಳು. ಮೂರು ತಿಂಗಳು ಸಂಜೆ ಸಂಜೆ ಕದಂಬರನ್ನು ಉಸಿರು ಕಟ್ಟಿ ಕೂಗಿದ್ದೇನೆ.

ಆ ಪೇಪರು ಬಾಕಿ ಉಳಿದದ್ದೂ ಆಟದಿಂದಲೇ. ಮೊದಲ ಸಲ ಪರೀಕ್ಷೆಯ ದಿನ ಮೇಡಂಗೆ ಹೇಳದೆ ಊರಿನ ಒಂದು ತಂಡದ ಪರವಾಗಿ ಆಡಲು ಹೋಗಿದ್ದೆ. ಎರಡನೇ ಸಲ ಬರೆದೆ, ಬರೆಯದೇ ಇದ್ದಿದ್ದರೆ ಮರ್ಯಾದೆಯಾದರೂ ಉಳಿಯುತ್ತಿತ್ತು. ಮೂರನೆಯದೇ ಕೊನೆಯ ಅವಕಾಶ. ಅದೂ ಹೋದರೆ ಆ ವರ್ಷ ಡಿಗ್ರಿ ಇಲ್ಲ, ಮುಂದೆ ಎಂ.ಎ. ಇಲ್ಲ, ಎಮ್ಮೆ ಇದೆ.

ಇಷ್ಟಾದ ಮೇಲೆ ಸೊರಬದಲ್ಲಿ ಅಂತರ ಕಾಲೇಜು ಪಂದ್ಯಾವಳಿ ಬಂತು. ಎರಡು ದಿನ. ಫೈನಲ್ ಇದ್ದದ್ದು ಎರಡನೇ ದಿನ ಬೆಳಿಗ್ಗೆ ಹತ್ತಕ್ಕೆ, ನನ್ನ ಪರೀಕ್ಷೆ ಅದೇ ದಿನ ಮಧ್ಯಾಹ್ನ ಎರಡಕ್ಕೆ ಶಿಕಾರಿಪುರದಲ್ಲಿ. ಅದಾದ ಮೇಲೆ ಅದೇ ವಾರ ಇನ್ನೆರಡು ಪೇಪರು ಬರೆಯುವುದಿತ್ತು. ಪರೀಕ್ಷೆಯ ದಿನ ಗೊತ್ತು ಮಾಡುವವರೂ ಪಂದ್ಯದ ದಿನ ಗೊತ್ತು ಮಾಡುವವರೂ ಒಬ್ಬರ ಮುಖ ಒಬ್ಬರು ಕಂಡವರಲ್ಲ. ಮೇಡಂ ಲೆಕ್ಕ ಹಾಕಿದರು: ಹತ್ತಕ್ಕೆ ಶುರುವಾದರೆ ಹನ್ನೊಂದಕ್ಕೆ ಮುಗಿಯುತ್ತದೆ, ಹನ್ನೆರಡರ ಬಸ್ಸು ಸಿಕ್ಕಿದರೆ ಸಾಕು. ಬಸ್ಸು ತಪ್ಪುವಂತಿದ್ದರೆ ಆಡುವುದು ಬೇಡ ಎಂದೂ ಮೊದಲೇ ಹೇಳಿದ್ದರು. ನಾನು ತಲೆಯಾಡಿಸಿದ್ದೆ. ತಲೆಯಾಡಿಸುವುದಕ್ಕೇನು ಖರ್ಚು.

ಮೊದಲ ದಿನ ಸೆಮಿಫೈನಲ್‌ನಲ್ಲಿ ನಾನು ಮಾಡಿದ ಘನಕಾರ್ಯ ಕೇಳಿ. ಕೊನೆಯ ಐದು ನಿಮಿಷ, ಸಮಸಮ ಅಂಕ. ದಾಳಿಗೆ ಹೋದೆ. ಎದುರಿನವರು ಸುತ್ತಿಕೊಂಡು ಬರುತ್ತಿದ್ದಾರೆ, ಮೈ ತಾನಾಗಿಯೇ ಅಭ್ಯಾಸದ ದಾರಿ ಹಿಡಿಯಿತು. ಇಬ್ಬರನ್ನು ಮುಟ್ಟಿ ಗೆರೆ ದಾಟಿ ಬಂದು ಕೈಯೆತ್ತಿದರೆ ಅಂಪೈರ್ ಸೀಟಿ ಊದಿದರು. ಅಂಕ ಎದುರಿನವರಿಗೆ. ಯಾಕೆ ಸಾರ್ ಎಂದರೆ, “ಕಬಡ್ಡಿ ಅನ್ನಬೇಕು ಕಣಮ್ಮ. ನೀನು ಕದಂಬರ ಆಡಳಿತ, ಕದಂಬರ ಆಡಳಿತ ಅಂತಿದ್ದೆ,” ಎಂದರು. ಇಡೀ ಮೈದಾನ ನಕ್ಕಿತು, ಮೇಡಂ ಮಾತ್ರ ತಲೆಯ ಮೇಲೆ ಕೈ ಹೊತ್ತು ಕೂತರು. ಆಮೇಲೆ ರೇಣುಕಾ ಒಬ್ಬಳೇ ಸತತವಾಗಿ ಮೂವರನ್ನು ಹಿಡಿದು ಹಾಕಿ ಪಂದ್ಯ ಉಳಿಸಿಕೊಟ್ಟಳು. ಆ ಗಡಿಬಿಡಿಯಲ್ಲೇ ನನ್ನ ಮಂಡಿ ತಿರುಚಿತು. ಯಾರಿಗೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಒಂಬತ್ತೂವರೆಗೇ ತಯಾರಾಗಿ ನಿಂತೆವು. ಮುಖ್ಯ ಅತಿಥಿಗಳು ಬರದೆ ಫೈನಲ್ ಶುರುವಾಗುವಂತಿಲ್ಲ. ಕೇಳಿದಾಗೆಲ್ಲ, ಐದೇ ನಿಮಿಷ, ಶಿರಾಳಕೊಪ್ಪ ಬಿಟ್ಟಿದ್ದಾರೆ ಅನ್ನುತ್ತಿದ್ದರು. ಹತ್ತೂವರೆಗೂ ಶಿರಾಳಕೊಪ್ಪ ಬಿಟ್ಟಿದ್ದರು, ಹನ್ನೊಂದಕ್ಕೂ ಬಿಟ್ಟಿದ್ದರು, ಹನ್ನೊಂದೂವರೆಗೂ ಬಿಟ್ಟೇ ಇದ್ದರು. ಅಂಕಣಕ್ಕೆ ಚಿಮುಕಿಸಿದ ನೀರು ಆರಿ ಮತ್ತೆ ಧೂಳೆದ್ದಿತು. ಅತಿಥಿ ಇಲ್ಲದೆ ಶುರು ಮಾಡಿ ಎಂದು ಮೇಡಂ ಎರಡು ಸಲ ಹೋಗಿ ಕೇಳಿ ಬಂದರು. ಮೂರನೇ ಸಲ ಹೋಗಲಿಲ್ಲ. ನನ್ನ ಹತ್ತಿರ ಬಂದು ಹತ್ತು ಹೆಜ್ಜೆ ನಡಿ ಎಂದರು.

ನಡೆದೆ. ನೆಟ್ಟಗೆ ನಡೆದೆನೆಂದೇ ಅಂದುಕೊಂಡೆ. ಮೇಡಂ ನನ್ನ ಬ್ಯಾಗು ಎತ್ತಿಕೊಂಡರು. ಹೋಗುವುದಿಲ್ಲ ಎಂದು ನಾನು ಹಟ ಹಿಡಿದೆ. ಕಾರಣವೂ ಇತ್ತು. ಬಂದದ್ದೇ ಎಂಟು ಜನ, ಅದರಲ್ಲಿ ಮೊಣಕೈ ಊದಿದ ಒಬ್ಬಳನ್ನು ಮೇಡಂ ಆಗಲೇ ಕೂರಿಸಿದ್ದರು. ನಾನೂ ಹೋದರೆ ಏಳು ಜನರ ಆಟವನ್ನು ಆರೇ ಜನ ಆಡಬೇಕು. ಅವತ್ತು ವಿಶ್ವವಿದ್ಯಾಲಯದ ತಂಡಕ್ಕೆ ಆರಿಸುವವರೂ ಬಂದು ಕೂತಿದ್ದರು. ರೇಣುಕಾಳಿಗೆ ಅದು ಕೊನೆಯ ವರ್ಷ. ಮೂರು ವರ್ಷ ಅವಳು ಕನಸಿನಲ್ಲೂ ಆ ತಂಡದ ಅಂಗಿಯನ್ನೇ ಕಂಡಿದ್ದಳು, ಗೆದ್ದವರ ಕಡೆಗೇ ಮೊದಲು ಕಣ್ಣು ಹೋಗುತ್ತದೆ ಎಂಬುದು ನಮಗೆಲ್ಲ ಗೊತ್ತು. ಅವಳನ್ನು ಬಿಟ್ಟು ಹೇಗೆ ಹೋಗಲಿ? ನಿಜ ಹೇಳಬೇಕೆಂದರೆ, ಹೋಗಬೇಡ ಎಂದು ಅವಳು ನನ್ನ ಕೈ ಹಿಡಿದು ಬೇಡಿಕೊಳ್ಳಲಿ ಎಂಬ ಆಸೆಯೂ ಒಳಗೊಳಗೇ ಇತ್ತು.

ರೇಣುಕಾ ಬಂದಳು. ಕುಪ್ಪಗಡ್ಡೆ ಊರಿನವಳು, ಮಾತು ಕಡಿಮೆ. ನನ್ನ ಚಪ್ಪಲಿ ತಂದು ಕಾಲ ಹತ್ತಿರ ಇಟ್ಟಳು.

“ಹೋಗೇ ಮಾರಾಯ್ತಿ. ನಾವು ಸೋತ್ರೆ ಎಲ್ರೂ ಒಟ್ಟಿಗೆ ಸೋಲ್ತೀವಿ, ಅಳೋಕೆ ಜೊತೆ ಇರುತ್ತೆ. ನೀ ಫೇಲಾದ್ರೆ ನೀ ಒಬ್ಳೇ ಆಗೋದು.”

ಆಗ ಅದು ನನಗೆ ದೊಡ್ಡ ಮಾತಾಗಿ ಕೇಳಲಿಲ್ಲ. ನಾನಿಲ್ಲದೆಯೂ ನಡೆಯುತ್ತದೆ ಎಂಬ ಜಂಬದ ಮಾತಾಗಿ ಕೇಳಿತು. ಸಿಟ್ಟಿನಿಂದ ಅಳುತ್ತ ಬಸ್ ನಿಲ್ದಾಣಕ್ಕೆ ಬಂದೆ. ಜೊತೆಗೆ ಬಂದ ಮೇಡಂ, “ಕಂಡಕ್ಟ್ರೇ, ಈ ಹುಡುಗಿಗೆ ಎರಡು ಗಂಟೆಗೆ ಪರೀಕ್ಷೆ ಇದೆ ರೀ, ಕಾಲಿಗೂ ಪೆಟ್ಟಾಗಿದೆ, ಕೂರೋಕೆ ಜಾಗ ಮಾಡಿಕೊಡಿ,” ಎಂದು ಕೇಳಿಕೊಂಡು, ಬಸ್ಸು ಹೊರಟ ಮೇಲೆ ಮೈದಾನದ ಕಡೆಗೆ ಓಡಿದರು. ಅವರು ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಬಸ್ಸಿನಲ್ಲಿ ಕಣ್ಣು ಮುಚ್ಚಿ, ಉಸಿರು ಕಟ್ಟಿ, ಪಾಠ ಒಪ್ಪಿಸಿಕೊಳ್ಳುತ್ತ ಕೂತೆ. ಪಕ್ಕದ ಅಜ್ಜಿ ಮೈಮೇಲೆ ದೇವರು ಬಂದಿರಬೇಕೆಂದು ಸ್ವಲ್ಪ ಆಚೆ ಸರಿದು ಕೈ ಮುಗಿದಳು. ಪರೀಕ್ಷೆಯ ಹಾಲಿಗೆ ಹೋದದ್ದು ಧೂಳು ಹಿಡಿದ ಆಟದ ಅಂಗಿಯಲ್ಲೇ. ಕದಂಬರ ಆಡಳಿತದ ಪ್ರಶ್ನೆ ಬಂದಿತ್ತು. ಸುಮ್ಮನೆ ಕೂತು ಯೋಚಿಸಿದರೆ ಒಂದಕ್ಷರ ನೆನಪಿಗೆ ಬರಲಿಲ್ಲ. ಉಸಿರು ಹಿಡಿದರೆ ಬಂತು. ಹಿಡಿದಷ್ಟು ಹೊತ್ತು ಬರೆದೆ, ಬಿಟ್ಟು ಮತ್ತೆ ಹಿಡಿದೆ. ಮೇಲ್ವಿಚಾರಕರು ಹತ್ತಿರ ಬಂದು ನೀರು ಬೇಕೇನಮ್ಮ ಎಂದು ಕೇಳಿದರು.

ಸಂಜೆ ಶಿಕಾರಿಪುರದ ಬಸ್ ನಿಲ್ದಾಣದಲ್ಲಿ ಕಾಯುತ್ತ ನಿಂತಿದ್ದೆ. ಸೊರಬದ ಬಸ್ಸಿನಿಂದ ನಮ್ಮವರು ಇಳಿದರು. ಮುಖ ನೋಡಿಯೇ ಗೊತ್ತಾಯಿತು. ಎಷ್ಟರಲ್ಲಿ ಎಂದು ಕೇಳಿದೆ. ಹದಿನೆಂಟು ಪಾಯಿಂಟಿನಲ್ಲಿ ಎಂದಳು ರೇಣುಕಾ. ಹಿಂದೆ ಇಳಿದವಳನ್ನು ಕೇಳಿದರೆ ಇಪ್ಪತ್ತೆರಡು ಎಂದಳು. ಇನ್ನೊಬ್ಬಳು, ಲೆಕ್ಕ ಇಡೋಕೆ ಆಗದ ಹಾಗೆ ಹೊಡೆದರು ಎಂದಳು. ಆಟ ಮುಗಿದ ಮೇಲೆ ಅಂಕ ಬಾಯಿಂದ ಬಾಯಿಗೆ ಬದಲಾಗುವುದಿಲ್ಲ, ಅಷ್ಟು ಯೋಚಿಸುವ ಬುದ್ಧಿ ನನಗಿತ್ತು. ಆದರೆ ನಾನಿದ್ದರೂ ಸೋಲುತ್ತಿದ್ದರು ಎಂದು ನಂಬುವುದು ಅನುಕೂಲವಾಗಿತ್ತು, ನಂಬಿದೆ. ಮೇಡಂ ಅಂಕದ ಮಾತೇ ಎತ್ತಲಿಲ್ಲ. ಹೇಗೆ ಬರೆದೆ ಎಂದು ಕೇಳಿ, ಮಂಡಿಗೆ ಪಟ್ಟಿ ಕಟ್ಟಿಸಲು ಆಸ್ಪತ್ರೆಗೆ ಕರೆದುಕೊಂಡು ಹೋದರು.

ಪಾಸಾದೆ. ಐವತ್ತೊಂದು. ಎಂ.ಎ. ಆಯಿತು, ಕೆಲಸವಾಯಿತು. ಅತ್ತೆಯ ಮಗನಿಗೆ ಎಮ್ಮೆಗೆ ಹೆದರದ ಹೆಂಡತಿ ಸಿಕ್ಕಿದಳು. ವಿಶ್ವವಿದ್ಯಾಲಯದ ತಂಡಕ್ಕೆ ರೇಣುಕಾಳನ್ನು ಆರಿಸಲಿಲ್ಲ. ಅವಳ ಜೊತೆ ನಾನು ಎರಡು ತಿಂಗಳು ಮಾತು ಬಿಟ್ಟಿದ್ದೆ, ಆಮೇಲೆ ಮಾತಾಡಿದೆ, ಆದರೆ ಆ ದಿನದ ಮಾತನ್ನು ಇಬ್ಬರೂ ತೆಗೆಯಲಿಲ್ಲ. ಈಗ ಅವಳು ಜಡೆ ಎಂಬ ಊರಿನಲ್ಲಿ ಅಂಗನವಾಡಿ ನಡೆಸುತ್ತಾಳೆ.

ಚೈತ್ರಾಳ ವಿಷಯಕ್ಕೆ ಬರುತ್ತೇನೆ. ಮರುದಿನ ಅವಳ ಅರ್ಜಿಗೆ ಸಹಿ ಹಾಕಲಿಲ್ಲ, ಹರಿದೂ ಹಾಕಲಿಲ್ಲ. ಶುಕ್ರವಾರ ಮಧ್ಯಾಹ್ನ ಅವಳೊಬ್ಬಳಿಗೇ ಬೇರೆ ಪ್ರಶ್ನೆಪತ್ರಿಕೆ ಮಾಡಿ ಟೆಸ್ಟ್ ಬರೆಸಿದೆ. ಶಾಸನ ತಿದ್ದಿದರು ಎಂದು ಕಾರಿಡಾರಿನಲ್ಲಿ ಸುದ್ದಿಯಾಯಿತಂತೆ. ನಮ್ಮ ಪಿ.ಡಿ. ಸರ್‌ಗೆ ಅವಳ ನಡಿಗೆಯ ವಿಷಯ ಹೇಳಿದೆ, ಅವರು ಡಾಕ್ಟರ ಹತ್ತಿರ ಕಳಿಸಿದರು, ಡಾಕ್ಟರು ಮೂರು ವಾರ ಆಟ ಬೇಡವೆಂದರು. ಶನಿವಾರ ತಂಡ ಅವಳಿಲ್ಲದೆ ಆಡಿ ಸೋತಿತು. ಈಗ ಎದುರಿಗೆ ಸಿಕ್ಕರೂ ಚೈತ್ರಾ ನನ್ನ ಕಡೆ ನೋಡುವುದಿಲ್ಲ. ಅವಳ ಮುಖದ ಸಿಟ್ಟಿನ ಗುರುತು ನನಗೆ ಚೆನ್ನಾಗಿ ಸಿಕ್ಕಿತು. ಅದನ್ನು ನೋಡಿದ ಮೇಲೆಯೇ, ನಾನು ರೇಣುಕಾಳಿಗೆ ಇಷ್ಟು ವರ್ಷ ಏನು ಹೇಳದೆ ಉಳಿಸಿಕೊಂಡಿದ್ದೇನೆಂಬುದು ಹೊಳೆದದ್ದು.

ಭಾನುವಾರ ಬೆಳಿಗ್ಗೆ ಫೋನ್ ಮಾಡಿದೆ. ಮಕ್ಕಳು ಮರಿ ಎಲ್ಲ ವಿಚಾರಿಸಿಯಾದ ಮೇಲೆ, ಅವತ್ತು ನಿಜವಾಗಿ ಎಷ್ಟರಲ್ಲಿ ಸೋತಿರಿ ಎಂದು ಕೇಳಿದೆ.

“ಒಂದು ಪಾಯಿಂಟು.”

ಮತ್ತೆ ಹದಿನೆಂಟು ಎಂದೆಯಲ್ಲೇ, ಎಂದೆ.

“ಇನ್ನೂ ಎರಡು ಪೇಪರ್ ಇತ್ತಲ್ಲೇ ನಿಂಗೆ.”

ಅವಳ ಕೊನೆಯ ಫೈನಲ್ ಕೈತಪ್ಪಿ ಹೋದ ಸಂಜೆ, ಬಸ್ಸಿನಲ್ಲಿ ಕೂತು ಅವರೆಲ್ಲ ನನ್ನ ಉಳಿದ ಪೇಪರುಗಳ ಯೋಚನೆ ಮಾಡುತ್ತ ಬಂದಿದ್ದರು. ಥ್ಯಾಂಕ್ಸ್ ಕಣೇ ಎಂದೆ, ಅಳು ಬಂದದ್ದು ಅವಳಿಗೆ ಕೇಳಿಸಿರಬೇಕು. ಒಲೆ ಮೇಲೆ ಹಾಲಿಟ್ಟಿದ್ದೇನೆ, ಉಕ್ಕುತ್ತೆ, ಎಂದು ಫೋನ್ ಇಟ್ಟಳು.