ಮೂವತ್ತೇಳನೆಯ ಪುಟ

ಹುಕ್ಕೇರಿ, ಗೋಕಾಕ, ಮೂಡಲಗಿಯ ಕಾಲೇಜುಗಳಲ್ಲಿ ಮೂರು ದಶಕಗಳ ಕಾಲ ಭೌತಶಾಸ್ತ್ರವನ್ನು ಹಳ್ಳಿಯ ಮಕ್ಕಳಿಗೆ ತಿಳಿಗನ್ನಡದಲ್ಲಿ ಕಲಿಸಿದ ಪ್ರಾಧ್ಯಾಪಕ ಜಯಪಾಲ ಅವರು 2009ರ ಈ ಮೇ ತಿಂಗಳಲ್ಲಿ ನಿವೃತ್ತರಾಗುತ್ತಿದ್ದಾರೆ. ಅಭಿನಂದನ ಗ್ರಂಥವೆಂದರೆ ಹೊಗಳಿಕೆಯ ಗಂಟು ಎಂದು ನಗುವ ಈ ಹಿರಿಯರ ಮುಂದೆ ಬರೀ ಹೊಗಳಿಕೆಯನ್ನಿಡುವುದು ಸಲ್ಲದು. ಅವರ ವೃತ್ತಿಯ ಕಡೆಯ ವರುಷದ ದುಃಖವನ್ನೂ ಅವರ ಒಪ್ಪಿಗೆಯಿಂದಲೇ ಇಲ್ಲಿ ಹೇಳಲಾಗಿದೆ.

1993ರಲ್ಲಿ ಹುಕ್ಕೇರಿಯ ಪ್ರಾಯೋಗಿಕ ಪರೀಕ್ಷೆಯ ದಿನ ಕರೆಂಟು ಕೈಕೊಟ್ಟಿತು. ಮಸಗುಪ್ಪಿಯ ಅಲ್ಲವ್ವ ಎಂಬ ವಿದ್ಯಾರ್ಥಿನಿ ಉಪಕರಣದ ಮುಂದೆ ಅಳುತ್ತ ನಿಂತದ್ದನ್ನು ಕಂಡು, ಜಯಪಾಲರು ಮನೆಗೆ ಓಡಿ ಟಾರ್ಚಿನ ಸೆಲ್ಲುಗಳನ್ನೆಲ್ಲ ಕಿತ್ತು ತಂದು ಪ್ರಯೋಗ ನಡೆಸಿದರು. ಅಲ್ಲವ್ವ ಪಾಸಾದಳು. ಆ ವಾರವೆಲ್ಲ ಅವರ ಪತ್ನಿ ಸರಿತಾ ಕತ್ತಲಲ್ಲಿ ಹಿತ್ತಲಿಗೆ ತಡವರಿಸುತ್ತ ಹೋದರು, ಹೊಸ ಸೆಲ್ಲು ಬೇಕೆಂದು ಕೇಳಲಿಲ್ಲ.

2008ರಲ್ಲಿ ಸರಿತಾ ಅವರ ಆರೋಗ್ಯ ಕೆಟ್ಟು, ದಪ್ಪ ಪುಸ್ತಕ ಹಿಡಿಯಲೂ ಕೈಗೆ ತ್ರಾಣವಿಲ್ಲದಂತಾಯಿತು. ಹಳೆಯ ವಿದ್ಯಾರ್ಥಿ ನಿತಿನ ಮುಂಬಯಿಯಿಂದ ಪರದೆಯ ಮೇಲೆ ಪುಸ್ತಕ ಓದುವ ಹಗುರವಾದ ಇ-ರೀಡರ್ ಒಂದನ್ನು ತಂದುಕೊಟ್ಟ. ಸರಿತಾ ಅವರ ತಂದೆ ತಾವು ಮಾಡಿದ, ಜೈನರ ಪವಿತ್ರ ಬೆಟ್ಟವಾದ ಸಮ್ಮೇದ ಶಿಖರಜಿಯ ಯಾತ್ರೆಯನ್ನು ಕೈಬರಹದಲ್ಲಿ ನೂರೆಂಬತ್ತು ಪುಟ ಬರೆದಿಟ್ಟಿದ್ದರು. ಅಪ್ಪ ಬೆಟ್ಟ ಹತ್ತಿದ್ದನ್ನು ಓದಬೇಕೆಂಬುದೊಂದೇ ಆಕೆಯ ಆಸೆ. ಜಯಪಾಲರು ಪ್ರತಿ ಪುಟವನ್ನೂ ಸ್ಕ್ಯಾನ್ ಮಾಡಿ ಅದಕ್ಕೆ ತುಂಬಿದರು.

ಕೊಣ್ಣೂರಿನ ಮನೆಯಲ್ಲಿ ತಟ್ಟೆಯ ತುಂಬ ಕರಿ ಎಳ್ಳು, ಬಿಳಿ ಎಳ್ಳು ಹರಡಿ ಹೆಂಡತಿಗೂ ಪಾಠ ಮಾಡಿದರು. ಪರದೆಯೊಳಗಿನ ಸಣ್ಣ ಗುಳ್ಳೆಗಳಲ್ಲಿ ಹೀಗೇ ಕಪ್ಪು ಬಿಳಿ ಕಣಗಳಿರುತ್ತವೆ. ಪುಟ ತಿರುವಿದಾಗ ವಿದ್ಯುತ್ತು ಬೇಕಾದವನ್ನು ಮೇಲಕ್ಕೆ ತರುತ್ತದೆ. ಹಿಂದಿನ ಪುಟದ ಮಸುಕು ಉಳಿಯದಿರಲೆಂದು ಪರದೆ ಒಮ್ಮೆ ಪೂರ್ತಿ ಕಪ್ಪಾಗಿ ತಿಳಿಯಾಗುತ್ತದೆ. ಆಮೇಲೆ ಕಣಗಳು ವಿದ್ಯುತ್ತಿನ ಹಂಗಿಲ್ಲದೆ ಕೂತಲ್ಲೇ ಕೂರುತ್ತವೆ.

"ಪುಟಾ ತಿರುವಿದಾಗ ಅಷ್ಟ ಬ್ಯಾಟರಿ ತಿನ್ನತೈತಿ ನೋಡು," ಎಂದರು.

"ಹಂಗಾರ ಹಗೂರ್ಕ ಓದ್ತೇನ್ರಿ," ಎಂದರು ಸರಿತಾ.

ಅದನ್ನು ಕಂಪ್ಯೂಟರಿಗೆ ಜೋಡಿಸಿಯೇ ಚಾರ್ಜ್ ಮಾಡಬೇಕಿತ್ತು; ಮನೆಯಲ್ಲಿ ಕಂಪ್ಯೂಟರ್ ಇಲ್ಲದ್ದರಿಂದ ಮೂಡಲಗಿಯ ಕಾಲೇಜಿಗೇ ಒಯ್ಯಬೇಕಿತ್ತು. ಅಕ್ಟೋಬರಿನಲ್ಲಿ ಸರಿತಾ ಬೆಳಗಾವಿಯ ಆಸ್ಪತ್ರೆ ಸೇರಿದರು. ತಂಗಿ ಶುಭಾಂಗಿ ಜೊತೆಗಿದ್ದರು. ಜಯಪಾಲರು ಭಾನುವಾರ ಬರುತ್ತಿದ್ದರು.

"ಎಲ್ಲೀತನಾ ಬಂತು ಓದು?" ಎಂದು ಕೇಳುತ್ತಿದ್ದರು.

"ಅಪ್ಪಾ ಇನ್ನಾ ರೈಲಿನ್ಯಾಗ ಅದಾರ್ರಿ," ಎಂದು ಆಕೆ ನಗುತ್ತಿದ್ದರು. ಆಯಾಸದಿಂದ ಓದು ನಿಧಾನವಾಗಿದೆಯೆಂದು ಜಯಪಾಲರು ತಿಳಿದರು. ಇಪ್ಪತ್ಮೂರನೆಯ ದಿನ ಸರಿತಾ ತೀರಿಕೊಂಡರು.

ಸೂತಕ ಕಳೆದ ಮೇಲೆ ಜಯಪಾಲರು ಇ-ರೀಡರ್ ಕೈಗೆತ್ತಿಕೊಂಡರೆ ಅದು ಮೂವತ್ತೇಳನೆಯ ಪುಟದಲ್ಲಿತ್ತು. ಬ್ಯಾಟರಿಯ ನಾಲ್ಕು ಗೆರೆಗಳಲ್ಲಿ ಮೂರು ಹಾಗೇ ಇದ್ದವು.

"ಅಕ್ಕಾ ದಿನಾ ಒಂದೆರಡ ಪುಟಾ ತಿರುವಾಕಿ, ಮಾಮಾ," ಎಂದರು ಶುಭಾಂಗಿ. "ಓದಿದ್ದನ್ನ ಮತ್ತ ಮತ್ತ ಓದಾಕಿ. ಬ್ಯಾಟರಿ ತೀರಿದ್ರ ಅವರಿಗೆ ಮೂಡಲಗಿಗೆ ಅಡ್ಡಾಡೂ ತ್ರಾಸ ಆಕ್ಕೈತಿ ಅಂತಿದ್ಲು."

ಒಮ್ಮೆ ಚಾರ್ಜ್ ಮಾಡಿದರೆ ಸಾವಿರಾರು ಪುಟ ತಿರುವಬಹುದಿತ್ತು. ಅದೊಂದು ಮಾತನ್ನು ಜಯಪಾಲರು ಹೇಳಿರಲಿಲ್ಲ. ಸಾವಿರಾರು ಮಕ್ಕಳಿಗೆ ಲೆಕ್ಕ ಬಿಡಿಸಿ ತೋರಿಸಿದ ಆ ಮೇಷ್ಟ್ರು ಅಂದು ನಾದಿನಿಯ ಮುಂದೆ ಬಿಕ್ಕಿ ಬಿಕ್ಕಿ ಅತ್ತರು.

ಜನವರಿಯಲ್ಲಿ ಮತ್ತೆ ತರಗತಿಗೆ ಬಂದವರು ಕಿರಿಯ ಉಪನ್ಯಾಸಕರನ್ನೂ ಕೂರಿಸಿಕೊಂಡು ಇದೇ ಪಾಠ ಮಾಡಿದರು. ತುಂಬಿದ ಬ್ಯಾಟರಿಗೆ ಎಷ್ಟು ಪುಟವೆಂಬುದನ್ನು ಮೊದಲು ಬರೆದರು. "ಅರ್ಧಾ ಪಾಠಾ ಯಾರಿಗೂ ಹೇಳಬ್ಯಾಡ್ರಿ. ಕೇಳಾವ್ರು ನಂಬ್ತಾರ," ಎಂದಷ್ಟೇ ಹೇಳಿ ಹೊರನಡೆದರು.

ಜಯಪಾಲರಿಗೆ ಆಯುಸ್ಸು, ಆರೋಗ್ಯ ತುಂಬಿರಲಿ. ಬರೆಯಬೇಕೆಂದುಕೊಂಡಿರುವ ವಿಜ್ಞಾನದ ಪುಸ್ತಕ ಅವರ ಕೈಯಿಂದಲೇ ಮುಗಿಯಲಿ. ಅವರು ಇಂದಿಗೂ ಆ ಮೂವತ್ತೇಳನೆಯ ಪುಟವನ್ನು ದಾಟಿಲ್ಲ. ಮುಂದಿನ ಪುಟವನ್ನು ತಿರುವುವಷ್ಟು, ತಮ್ಮನ್ನು ತಾವು ಕ್ಷಮಿಸುವಷ್ಟು ಧೈರ್ಯ ಅವರಿಗೆ ದೊರೆಯಲಿ. ಸರಿತಾ ಅವರಿಗಾಗಿ ಅವರು ಆ ಬೆಟ್ಟದವರೆಗೂ ಓದಲಿ.